ಹಸಿರು ಪುಡಿಯ ಗೆರೆ

ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಅವನು ಯಾರಿಗೂ ಪಾಠ ಹೇಳಿದವನಲ್ಲ. ಕಬ್ಬಿಣದ ಸಾಮಾನಿಗೆ ಬಣ್ಣದ ಪುಡಿ ಹೊಡೆಯುವುದು ಅವನ ಕೆಲಸ. ಚಿಕ್ಕಂದಿನಲ್ಲಿ ಅರ್ಧಕ್ಕೆ ಬಿಟ್ಟ ಓದನ್ನು ತಲೆ ನರೆಯುವ ಹೊತ್ತಿಗೆ ಸಂಜೆ ತರಗತಿಯಲ್ಲಿ ಮತ್ತೆ ಹಿಡಿದಿದ್ದ, ಚಹಾದ ಬಿಡುವಿನಲ್ಲಿ ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದ. ಅಷ್ಟಕ್ಕೇ ಆ ಹೆಸರು ಬಿದ್ದಿತ್ತು. ಹೆಸರಿಟ್ಟವನು ಕೊಕ್ಕೆಯಣ್ಣ. ಬಣ್ಣ ಕಾಣಬೇಕಾದ ಸಾಮಾನನ್ನು ಕೊಕ್ಕೆಗೆ ತೂಗುಹಾಕಿ ಪುಡಿ ಹೊಡೆಯುವ ಬೂತಿನೊಳಗೆ ತಳ್ಳುವವನು. ವಯಸ್ಸಿನಲ್ಲಿ ಹಿರಿಯ, ಬಾಯಲ್ಲಿ ಇನ್ನೂ ಹಿರಿಯ.

ಆ ಕೆಲಸ ಹೇಳುವುದಕ್ಕೆ ಸುಲಭ. ಪುಡಿ ಚಿಮ್ಮಿಸುವ ಗನ್ನಿನ ತುದಿಯಲ್ಲಿ ಪುಡಿಗೆ ವಿದ್ಯುತ್ತು ಹತ್ತುತ್ತದೆ. ತೂಗುವ ಕಬ್ಬಿಣಕ್ಕೆ ಅರ್ಥಿಂಗ್ ಕೊಟ್ಟಿರುತ್ತಾರೆ. ಪುಡಿ ತಾನಾಗಿ ಹಾರಿಹೋಗಿ ಕಬ್ಬಿಣವನ್ನು ಅಪ್ಪಿಕೊಳ್ಳುತ್ತದೆ. ಆಮೇಲೆ ಒಲೆಯಲ್ಲಿ ಬೆಂದು ಗಟ್ಟಿಯಾಗುತ್ತದೆ. ಅವನ ಬೂತಿನಲ್ಲಿ ಎರಡು ಗನ್ನು. ಒಂದು ಅವನ ಕೈಯಲ್ಲಿ, ಇನ್ನೊಂದು ಎದುರುಗಡೆ ಸ್ಟ್ಯಾಂಡಿನ ಮೇಲೆ. ಒಂದು ಸಾಮಾನು ಹೊರಗೆ ಹೋಗಿ ಇನ್ನೊಂದು ಬರುವವರೆಗೆ ನಡುವೆ ಜಾಗ ಖಾಲಿ. ಆಗ ಎರಡೂ ಕಡೆಯ ಪುಡಿ ಎದುರುಬದುರಾಗಿ ಬಂದು, ಎತ್ತ ಹೋಗಬೇಕೋ ತಿಳಿಯದೆ, ಸರಿಯಾಗಿ ನಡುಮಧ್ಯದಲ್ಲಿ ನೆಲಕ್ಕೆ ಉದುರುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಅಲ್ಲಿ ಸಣ್ಣ ಬದುವಿನ ಹಾಗೆ ಒಂದು ಗೆರೆ. ಅದನ್ನು ಗುಡಿಸುವವನೂ ಅವನೇ. ಆ ದಿನಗಳಲ್ಲಿ ಪಾರ್ಕಿನ ಬೆಂಚುಗಳು ಬಂದಿದ್ದವು, ಗೆರೆ ಹಸಿರಾಗಿತ್ತು.

ಮಗಳಿಗೆ ಅವನು ಹೇಳಿಕೊಟ್ಟದ್ದು ಆ ಗೆರೆಯನ್ನೇ.

ಅಪ್ಪ ಮಗಳಿಬ್ಬರದೂ ಆ ವರ್ಷ ಒಂದೇ ಪಾಠ. ಅವಳು ಹಗಲು ಓದುತ್ತಿದ್ದಳು, ಅವನು ಸಂಜೆ. ಅಡುಗೆಮನೆಯ ಮೇಜಿನ ಆ ಬದಿಗೆ ಒಬ್ಬರು, ಈ ಬದಿಗೆ ಒಬ್ಬರು. ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿ, “ಇಬ್ಬರು ವಿಜ್ಞಾನಿಗಳಿರೋ ಮನೆ ನೋಡು. ಒಂದು ಲೋಟ ನೀರು ಕೇಳಿದ್ರೆ ಲೋಟದ ತೂಕ ಲೆಕ್ಕ ಹಾಕ್ತಾ ಕೂರ್ತಾರೆ” ಎನ್ನುತ್ತಿದ್ದಳು. ಮಗಳು ಚುರುಕು. ಅವನಿಗೆ ಒಂದು ಪುಟ ತಲೆಗೆ ಹೋಗುವಷ್ಟರಲ್ಲಿ ಅವಳು ಅಧ್ಯಾಯದ ಕೊನೆಯ ಲೆಕ್ಕ ಮುಗಿಸಿ ಪೆನ್ಸಿಲ್ ಕಚ್ಚುತ್ತಿದ್ದಳು. ಹಾಗಾಗಿ ಅವಳೇ ಏನಾದರೂ ಕೇಳಿದಾಗ ಅವನಿಗೆ ಒಳಗೊಳಗೇ ಹಿಗ್ಗು.

ಅವಳು ಕೇಳಿದ್ದು ಇಷ್ಟು: ಒಂದು ಪ್ಲಸ್ ಚಾರ್ಜು, ಅಷ್ಟೇ ದೊಡ್ಡ ಒಂದು ಮೈನಸ್ ಚಾರ್ಜು, ಸ್ವಲ್ಪ ದೂರದಲ್ಲಿ ಅಕ್ಕಪಕ್ಕ ಇವೆ. ಸರಿಯಾಗಿ ನಡುವೆ ವಿದ್ಯುತ್ ಕ್ಷೇತ್ರ ಎಷ್ಟು?

ಸಂಜೆ ತರಗತಿಯಲ್ಲಿ ಆ ಪಾಠ ನಡೆದ ದಿನ ಅವನು ಓವರ್‌ಟೈಮಿನಲ್ಲಿದ್ದ. ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನುವುದು ಅವನಿಗೆ ಹೊಸದೇನೂ ಅಲ್ಲ.

“ಸೊನ್ನೆ” ಎಂದ.

“ಹೌದಾಪ್ಪ? ಖಂಡಿತ?”

“ಒಂದು ಪ್ಲಸ್ಸು, ಒಂದು ಮೈನಸ್ಸು. ಕೂಡಿದ್ರೆ ಏನಾಗುತ್ತೆ? ನಾನು ದಿನಾ ಗುಡಿಸ್ತೀನಲ್ಲೇ ಅದನ್ನ! ಆ ಕಡೆ ಒಂದು ಗನ್ನು, ಈ ಕಡೆ ಒಂದು ಗನ್ನು. ನಡುಮಧ್ಯೆ ಬಂದ ಪುಡಿ ಕೈಕಾಲು ಬಿಟ್ಟು ಬಿದ್ದುಹೋಗುತ್ತೆ. ಅಲ್ಲಿ ಅದನ್ನ ಎಳೆಯೋರೂ ಇಲ್ಲ, ತಳ್ಳೋರೂ ಇಲ್ಲ.”

ಮಗಳು ಪೆನ್ಸಿಲ್ ಬಾಯಿಂದ ತೆಗೆದು ಅವನನ್ನೇ ನೋಡಿದಳು. ಆ ನೋಟಕ್ಕಾಗಿ ಅವನು ಇನ್ನೂ ಎಷ್ಟೋ ಹೇಳಿಬಿಡುತ್ತಿದ್ದ, ಆದರೆ ಹೇಳಲು ಬೇರೇನೂ ಇರಲಿಲ್ಲ.

ಆ ಪ್ರಶ್ನೆ ಪರೀಕ್ಷೆಯಲ್ಲಿ ಬಂತು. ಅವಳು ಸೊನ್ನೆ ಎಂದು ಬರೆದಳು. ಟೀಚರ್ ಕೆಂಪು ಗೀಟು ಹಾಕಿ ಕೊಟ್ಟರು.

ಉತ್ತರಪತ್ರಿಕೆ ತಂದ ದಿನ ಅವಳು ಅಳುತ್ತಾ ಬರಲಿಲ್ಲ. ಕಣ್ಣು ಹೊಳೆಯುತ್ತಿತ್ತು. ಚಪ್ಪಲಿಯನ್ನೂ ಬಿಡದೆ ಹೇಳತೊಡಗಿದಳು.

“ನಾನು ಎದ್ದು ನಿಂತು ಹೇಳ್ದೆ ಅಪ್ಪ, ಟೀಚರ್, ನೀವು ಪುಸ್ತಕ ನೋಡಿ ಹೇಳ್ತೀರಿ, ನಮ್ಮಪ್ಪ ದಿನಾ ಕಣ್ಣಾರೆ ನೋಡ್ತಾರೆ ಅಂತ. ಪೌಡರ್ ಗನ್ನು, ಗೆರೆ, ಎಲ್ಲಾ ಹೇಳ್ದೆ. ಕ್ಲಾಸು ಪೂರ್ತಿ ಗಪ್‌ಚಿಪ್!”

“ಟೀಚರಿಗೆ ಎದುರು ಮಾತಾಡಿದ್ಯೇನೇ?” ಎಂದಳು ತಾಯಿ.

“ಅವರೇನೂ ಬೈಲಿಲ್ಲ. ಹಾಗಾದ್ರೆ ಶುಕ್ರವಾರ ಲ್ಯಾಬಿಗೆ ನಿಮ್ಮಪ್ಪನ್ನೇ ಕರ್ಕೊಂಡು ಬಾ, ಎಲ್ಲರಿಗೂ ತೋರಿಸಲಿ ಅಂದ್ರು. ಬರ್ತೀಯಲ್ಲಪ್ಪ?”

ಅವನಿಗೆ ಬೇರೇನೋ ನೆನಪಾಯಿತು. ಹಿಂದೊಮ್ಮೆ ಮಳೆ ಬಂತೆಂದು ಕೊಡೆ ಹಿಡಿದು ಶೆಡ್ಡಿನಿಂದ ನೇರ ಶಾಲೆಯ ಗೇಟಿಗೆ ಹೋಗಿದ್ದ. ಕಿವಿಯ ಮಡಿಕೆಯಲ್ಲಿ, ಮೂಗಿನ ಹೊಳ್ಳೆಯಲ್ಲಿ ಹಸಿರು ಪುಡಿ. ಹುಡುಗಿಯರು “ಗಿಳಿ ಬಂತು, ಗಿಳಿ ಬಂತು” ಎಂದು ನಕ್ಕಿದ್ದರು. ಮಗಳು ಅಂದಿನಿಂದ ಯಾರು ಕೇಳಿದರೂ ಅಪ್ಪ ಎಲೆಕ್ಟ್ರಿಕಲ್ ಕಡೆ ಎಂದಷ್ಟೇ ಹೇಳುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇದ್ದ. ಈಗ ಅದೇ ಹುಡುಗಿ ಅದೇ ತರಗತಿಯ ಮುಂದೆ ಅವನ ಕೆಲಸವನ್ನು ಬಾಯಿತುಂಬ ಹೇಳಿ ಬಂದಿದ್ದಳು.

“ಬರ್ತೀನಿ ಕಣೆ” ಎಂದ.

ಮರುದಿನ ಶೆಡ್ಡಿನಲ್ಲಿ ಅವನು ಸುಮ್ಮನಿರಲಾಗದೆ ಕೊಕ್ಕೆಯಣ್ಣನಿಗೆ ಹೇಳಿದ.

“ಅಂದ್ರೆ ಮೇಷ್ಟ್ರು ನಿಜವಾಗ್ಲೂ ಮೇಷ್ಟ್ರಾದ್ರು! ಮಕ್ಕಳಿಗೆ ಹೊಡೀಬೇಡಿ ಮಾರಾಯ್ರೇ, ಪುಡಿ ಹೊಡೆದು ಅಭ್ಯಾಸ ನಿಮಗೆ.”

“ತಮಾಷೆ ಬಿಡಣ್ಣ. ಒಂದು ಅರ್ಧ ದಿನ ರಜಾ ಬೇಕು.”

“ಹೋಗಿ ಬಾ. ಬೆಂಚು ಎಲ್ಲೂ ಓಡಿಹೋಗಲ್ಲ, ಅದು ಕೂರೋಕೆ ಅಂತಲೇ ಇರೋದು.”

ಅವನು ಯಾವ ಕೆಲಸವನ್ನೂ ಸುಮ್ಮನೆ ಹೋಗಿ ಮಾಡುವವನಲ್ಲ. ಗನ್ನನ್ನೂ ದಿನಾ ಒಂದು ಹಳೆಯ ತಗಡಿನ ಮೇಲೆ ಹೊಡೆದು ನೋಡಿಯೇ ಶುರುಮಾಡುತ್ತಿದ್ದ. ಪುಸ್ತಕದಲ್ಲಿ ಒಂದು ಪ್ರಯೋಗ ಕೊಟ್ಟಿದ್ದರು: ಗಾಜಿನ ತಟ್ಟೆಯಲ್ಲಿ ಹರಳೆಣ್ಣೆ, ಅದರ ಮೇಲೆ ಚಿಟಿಕೆ ರವೆ, ಎಣ್ಣೆಯಲ್ಲಿ ಮುಳುಗಿದ ಎರಡು ತಂತಿಯ ತುದಿ. ತಂತಿಗೆ ವಿದ್ಯುತ್ತು ಕೊಟ್ಟರೆ ರವೆಯ ಕಾಳು ಕ್ಷೇತ್ರವಿದ್ದ ಕಡೆ ಸಾಲಾಗಿ ನಿಲ್ಲುತ್ತದೆ; ಇಲ್ಲದ ಕಡೆ ಬಿದ್ದಲ್ಲೇ ಬಿದ್ದಿರುತ್ತದೆ. ಹಿಂದಿನ ಸಂಜೆಯೇ ಒಮ್ಮೆ ಮಾಡಿ ನೋಡೋಣ ಎಂದು ತಟ್ಟೆ, ಎಣ್ಣೆ, ತಂತಿಯನ್ನು ಊಟದ ಚೀಲದಲ್ಲಿ ಹಾಕಿಕೊಂಡು ಸಂಜೆ ತರಗತಿಗೆ ಹೋದ. ಅಲ್ಲಿಯ ಲ್ಯಾಬಿನಲ್ಲಿ ಕೈಯಿಂದ ತಿರುಗಿಸುವ ಹಳೆಯ ಯಂತ್ರವೊಂದಿತ್ತು. ಹಿಡಿಕೆ ತಿರುಗಿಸಿದರೆ ಎರಡು ಚಕ್ರ ಸುತ್ತಿ, ಒಂದು ಹಿತ್ತಾಳೆ ಗುಂಡಿನಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಕೂಡುತ್ತದೆ. ಪ್ಲಸ್ಸಿಗೆ ಕೆಂಪು ಟೇಪು ಸುತ್ತಿದ್ದರು, ಮೈನಸ್ಸಿಗೆ ಕಪ್ಪು.

ಒಂದು ತಂತಿಯನ್ನು ಕೆಂಪಿಗೆ ಸಿಕ್ಕಿಸಿದ, ಇನ್ನೊಂದನ್ನು ಕಪ್ಪಿಗೆ. ತಿರುಗಿಸಿದ.

ರವೆ ಅಲುಗಿತು. ಒಂದೊಂದೇ ಕಾಳು ಹೊರಳಿ, ಒಂದರ ಬಾಲಕ್ಕೆ ಒಂದು ಮೂತಿ ತಾಗಿಸಿ, ಈ ತುದಿಯಿಂದ ಆ ತುದಿಗೆ ಸಾಲುಗಟ್ಟಿತು. ಅಂಚಿನಲ್ಲಿ ಸಾಲು ಬಿಲ್ಲಿನ ಹಾಗೆ ಬಾಗಿತ್ತು. ನಡುಮಧ್ಯದಲ್ಲಿ, ಅವನು ಏನೂ ಇಲ್ಲ ಎಂದಿದ್ದ ಜಾಗದಲ್ಲಿ, ಸಾಲು ಅತ್ಯಂತ ನೆಟ್ಟಗೆ, ಒತ್ತಾಗಿ ನಿಂತಿತ್ತು.

ತಟ್ಟೆ ಕದಲಿರಬೇಕು ಎಂದುಕೊಂಡ. ಎಣ್ಣೆ ಕಲಕಿ, ಹೊಸ ರವೆ ಉದುರಿಸಿ ಮತ್ತೆ ತಿರುಗಿಸಿದ. ಮತ್ತೂ ಅದೇ.

ಸ್ಟೂಲಿನ ಮೇಲೆ ಕೂತು ಯೋಚಿಸಿದ. ನಡುವೆ ಒಂದು ಪುಟ್ಟ ಪ್ಲಸ್ ಕಾಳು ಇದೆ ಎನ್ನೋಣ. ದೊಡ್ಡ ಪ್ಲಸ್ಸು ಅದನ್ನು ತನ್ನಿಂದ ಆಚೆಗೆ ತಳ್ಳುತ್ತದೆ. ಆಚೆಗೆ ಇರುವುದು ಯಾರು? ಮೈನಸ್ಸು. ಅದು ಎಳೆಯುತ್ತದೆ. ಹಿಂದಿನಿಂದ ತಳ್ಳುವವನೂ ಮುಂದಿನಿಂದ ಎಳೆಯುವವನೂ ಒಂದೇ ಕಡೆಗೆ. ಅಲ್ಲಿ ಕಳೆಯುವ ಮಾತೇ ಇಲ್ಲ, ಕೂಡುವುದೇ. ಇಷ್ಟು ಸುಲಭದ್ದು. ಮಗಳು ತಾನಾಗಿ ಎರಡು ನಿಮಿಷ ಕೂತಿದ್ದರೆ ಅವಳಿಗೇ ಹೊಳೆಯುತ್ತಿತ್ತು. ಹೊಳೆಯದ ಹಾಗೆ ಮಾಡಿದ್ದು ತಾನು.

ಹಾಗಾದರೆ ಗೆರೆ? ಗೆರೆ ಸುಳ್ಳಲ್ಲವಲ್ಲ. ಆಗ ಅವನ ಕಣ್ಣ ಮುಂದೆ ಗನ್ನಿನ ಹಿಡಿ ಬಂತು. ಹೆಬ್ಬೆರಳು ತಾಗಿ ತಾಗಿ ಅರ್ಧ ಸವೆದ ಒಂದು ಸಣ್ಣ ಗುರುತು, ಮೈನಸ್. ಸ್ಟ್ಯಾಂಡಿನ ಮೇಲಿನದಕ್ಕೂ ಅದೇ ಗುರುತು. ಅವನ ಎರಡೂ ಗನ್ನು ಮೈನಸ್ಸೇ. ಒಂದೇ ಜಾತಿಯ ಎರಡು ಎದುರುಬದುರು ನಿಂತರೆ ನಡುವೆ ಒಂದರ ತಳ್ಳಾಟ ಇನ್ನೊಂದಕ್ಕೆ ವಜಾ, ಪುಡಿ ನೆಲಕ್ಕೆ. ವರ್ಷಗಟ್ಟಲೆ ಕೈಯಲ್ಲಿ ಹಿಡಿದದ್ದನ್ನು ಓದದೆ, ಒಂದು ಪ್ಲಸ್ಸು ಒಂದು ಮೈನಸ್ಸು ಎಂದು ಮಗಳ ಮುಂದೆ ಸಾಕ್ಷಿ ಹೇಳಿದ್ದ.

ನೋಡಿಯೇಬಿಡೋಣವೆಂದು ಎರಡೂ ತಂತಿಯನ್ನು ಕೆಂಪು ಗುಂಡಿಗೇ ಸಿಕ್ಕಿಸಿದ. ಅಲ್ಲಿದ್ದ ಹಳೆಯ ಡಬ್ಬದ ಬಾಯಿಯಿಂದ ತಗಡಿನ ಬಳೆಯೊಂದನ್ನು ಕತ್ತರಿಸಿ, ಬೂತಿನ ಗೋಡೆಯ ಬದಲಿಗೆ ತಟ್ಟೆಯ ಅಂಚಿಗೆ ಇಟ್ಟು ಕಪ್ಪು ಗುಂಡಿಗೆ ಸೇರಿಸಿದ. ತಿರುಗಿಸಿದ. ರವೆಯ ಸಾಲು ಎರಡು ತುದಿಯಿಂದಲೂ ಮುಖ ತಿರುಗಿಸಿಕೊಂಡು ಬಳೆಯ ಕಡೆ ಓಡಿತು. ನಡುವೆ ಒಂದಿಷ್ಟು ಕಾಳು ದಿಕ್ಕಿಲ್ಲದೆ ಬಿದ್ದಿತ್ತು. ಅವನ ಗೆರೆ.

ಎಲ್ಲವನ್ನೂ ಒರೆಸಿ ಚೀಲಕ್ಕೆ ತುಂಬಿದ. ನಾಳೆಗೆ ಬಳೆ ಬೇಕಾಗಿರಲಿಲ್ಲ. ಅದನ್ನೂ ಹಾಕಿಕೊಂಡ. ಯಾಕೆ ಎಂದು ತನ್ನನ್ನು ಕೇಳಿಕೊಳ್ಳಲಿಲ್ಲ.

ಮನೆ ಸೇರಿದ ತಕ್ಷಣ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಬಾಗಿಲು ತೆಗೆದರೆ ಮಗಳು ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅವಳು ಇಸ್ತ್ರಿ ಹಿಡಿದದ್ದನ್ನೇ ಅವನು ನೋಡಿರಲಿಲ್ಲ. ಕಾಲರಿನ ಮೂಲೆಯನ್ನು ಬೆರಳಿನಿಂದ ಎಳೆದು ಹಿಡಿದು, ತುಟಿ ಕಚ್ಚಿ ಒತ್ತುತ್ತಿದ್ದಳು. ಹೆಂಡತಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಎಣ್ಣೆ ಅದ್ದಿದ ಬಟ್ಟೆಯಿಂದ ಕಿವಿ ಉಜ್ಜತೊಡಗಿದಳು.

“ನಾಳೆ ಅಷ್ಟು ಮಕ್ಕಳ ಮುಂದೆ ನಿಲ್ಲಬೇಕು. ಕಿವಿ ನೋಡು, ಪಾಚಿ ಕಟ್ಟಿದ ಹಾಗಿದೆ.”

“ಬಿಡಮ್ಮ, ಸ್ವಲ್ಪ ಇರಲಿ” ಎಂದಳು ಮಗಳು ಇಸ್ತ್ರಿಯಿಂದ ಕಣ್ಣೆತ್ತದೆ. “ನೋಡಿದ ತಕ್ಷಣ ಗೊತ್ತಾಗಬೇಕು, ಕೆಲಸದೋರು ಅಂತ.”

ಅವನು ಜೋಡಿಸಿದ್ದ ಮಾತು ಎಲ್ಲಿ ಹೋಯಿತೋ. “ನಾಳೆ ನಾನು ಹೋಗದೇ ಇದ್ರೆ ಹೇಗೆ” ಎಂದು ಶುರುಮಾಡಿದ.

“ಹೆದರಿಕೆನಾ ಅಪ್ಪ?” ಮಗಳು ನಕ್ಕಳು. “ನಾನು ಪಕ್ಕದಲ್ಲೇ ಇರ್ತೀನಿ. ಹ್ಯಾಂಡಲ್ ನಾನೇ ತಿರುಗಿಸ್ತೀನಿ.”

ಶುಕ್ರವಾರ ಮಧ್ಯಾಹ್ನ ಲ್ಯಾಬಿನ ಉದ್ದ ಮೇಜಿನ ಸುತ್ತ ತರಗತಿ ಪೂರ್ತಿ ನಿಂತಿತ್ತು. ಹಿಂದಿನವರು ಸ್ಟೂಲು ಹತ್ತಿದ್ದರು. ಮೇಜಿನ ಮೇಲೆ ಸಂಜೆ ತರಗತಿಯಲ್ಲಿದ್ದಂಥದೇ ಯಂತ್ರ, ಅದಕ್ಕೂ ಕೆಂಪು, ಕಪ್ಪು ಟೇಪು. ಸ್ಟೂಲು ಹತ್ತಿದವರಲ್ಲಿ ಒಬ್ಬಳು “ಗಿಳಿ” ಎಂದು ಪಿಸುಗುಟ್ಟಿದ್ದು ಅವನಿಗೆ ಕೇಳಿಸಿತು, ಮಗಳಿಗೂ ಕೇಳಿಸಿತು. ಅವಳು ಇನ್ನೂ ನೆಟ್ಟಗೆ ನಿಂತಳು. “ಇವರು ನಮ್ಮಪ್ಪ. ಪೌಡರ್ ಕೋಟಿಂಗ್ ಮಾಡ್ತಾರೆ. ನಮ್ಮ ಪಾರ್ಕಿಗೆ ಬರೋ ಹೊಸ ಬೆಂಚು ಇವರದೇ ಕೈಕೆಲಸ” ಎಂದಳು. ಟೀಚರ್ ಸಣ್ಣ ದೇಹದ, ಮೆಲುಮಾತಿನ ಹೆಂಗಸು. ಕೈಕಟ್ಟಿಕೊಂಡು ಕಿಟಕಿಯ ಪಕ್ಕ ನಿಂತಿದ್ದರು. ಮುಖದಲ್ಲಿ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು.

ಈಗ ಹೇಳಬೇಕು. ಮೊದಲೇ ಹೇಳಿಬಿಟ್ಟರೆ ಮುಗಿಯಿತು. ಅವನು ಎಣ್ಣೆ ಸುರಿದ. ಸುರಿದ ಮೇಲೆ ಹೇಳೋಣ ಎಂದುಕೊಂಡ. ರವೆ ಉದುರಿಸಿದ. ತಟ್ಟೆಯ ಅಂಚಿಗೆ ಬಳೆ ಇಟ್ಟ. ಕೈ ತಾನಾಗಿಯೇ ಬಳೆಯನ್ನು ಕಪ್ಪು ಗುಂಡಿಗೆ ಸೇರಿಸಿತು, ಎರಡು ತಂತಿಯನ್ನೂ ಕೆಂಪಿಗೆ. ಯಂತ್ರ ಮೇಜಿನ ತುದಿಯಲ್ಲಿ, ಗುಂಡುಗಳು ಅವನ ಮೈಗೆ ಮರೆಯಾಗಿದ್ದವು.

“ತಿರುಗಿಸು” ಎಂದ.

ಮಗಳು ತಟ್ಟೆಯ ಮೇಲೇ ಕಣ್ಣಿಟ್ಟು ತಿರುಗಿಸಿದಳು. ಸಾಲುಗಳು ಎರಡು ಕಡೆಗೂ ಬಾಗಿ ಓಡಿದವು, ನಡುವೆ ಖಾಲಿ ಉಳಿಯಿತು.

“ಸೊನ್ನೆ!” ಎಂದು ಮಗಳು ಕೂಗಿದಳು. “ನೋಡಿ ಟೀಚರ್, ನಡುವೆ ಏನೂ ಇಲ್ಲ!”

ಯಾರೋ ಚಪ್ಪಾಳೆ ಹೊಡೆದರು, ಉಳಿದವರೂ ಹೊಡೆದರು. ಅವನು ತಟ್ಟೆಯನ್ನೇ ನೋಡುತ್ತಿದ್ದ. ಟೀಚರ್ ಹತ್ತಿರ ಬಂದು ಬಗ್ಗಿ ತಟ್ಟೆಯನ್ನು ನೋಡಿದರು, ಬಳೆಯನ್ನು ನೋಡಿದರು, ತಂತಿಯ ಜಾಡು ಹಿಡಿದು ನಿಧಾನವಾಗಿ ಕಣ್ಣಲ್ಲೇ ಗುಂಡಿನ ತನಕ ಹೋದರು. ಆಮೇಲೆ ಅವನ ಮುಖ ನೋಡಿದರು.

“ಹಿಂದಿನವರಿಗೆ ಸರಿಯಾಗಿ ಕಾಣಲಿಲ್ಲ ಅನ್ಸುತ್ತೆ” ಎಂದರು. “ಇನ್ನೊಂದು ಸಲ ತೋರಿಸ್ತೀರಾ?”

ಅದು ತೆರೆದಿಟ್ಟ ಬಾಗಿಲು. ಅವನಿಗೆ ಅರ್ಥವಾಯಿತು.

ಅಷ್ಟರಲ್ಲಿ ಮುಂದೆ ನಿಂತಿದ್ದ ಕನ್ನಡಕದ ಹುಡುಗಿ ಕೇಳಿದಳು: “ಅಂಕಲ್, ಇದರಲ್ಲಿ ಪ್ಲಸ್ ತಂತಿ ಯಾವುದು, ಮೈನಸ್ ಯಾವುದು?”

“ನಾನು ಹೇಳ್ತೀನಿ ಇರು” ಎಂದು ಮಗಳು ಯಂತ್ರದ ಕಡೆ ಬಗ್ಗಿದಳು. ಮುಟ್ಟದೆ, ಬೆರಳು ತೋರಿಸುತ್ತಾ ತಂತಿಯ ಜಾಡು ನೋಡಿದಳು. ಒಂದು ಕೆಂಪಿಗೆ. ಇನ್ನೊಂದೂ ಕೆಂಪಿಗೆ. ಅವಳ ಬೆರಳು ಅಲ್ಲೇ ನಿಂತಿತು. ಅವಳ ಕಿವಿ ನಿಧಾನವಾಗಿ ಕೆಂಪಾಗುವುದನ್ನು ಅವನು ನೋಡಿದ. ಈಗ ತಿರುಗಿ ನೋಡುತ್ತಾಳೆ, ಏನಪ್ಪ ಇದು ಎನ್ನುತ್ತಾಳೆ ಎಂದು ಕಾದ. ಅವಳು ತಿರುಗಲಿಲ್ಲ. ನೆಟ್ಟಗಾಗಿ, ಕನ್ನಡಕದ ಹುಡುಗಿಯ ಮುಖ ನೋಡಿಕೊಂಡೇ, ಒಂದಿಷ್ಟೂ ತಡವರಿಸದೆ ಹೇಳಿದಳು.

“ಇದು ಪ್ಲಸ್ಸು. ಅದು ಮೈನಸ್ಸು.”

ಅವನು ಮಗಳ ಬಾಯಿಂದ ಅದುವರೆಗೆ ಸುಳ್ಳು ಕೇಳಿರಲಿಲ್ಲ ಎಂದಲ್ಲ. ಬೀರುವಿನ ಮೇಲಿನ ಸಿಹಿ ತಿಂದದ್ದು, ಹಲ್ಲುಜ್ಜಿದೆ ಎಂದದ್ದು, ಎಲ್ಲವೂ ಇದ್ದವು. ಆದರೆ ಅವೆಲ್ಲ ಅವಳ ಸುಳ್ಳು. ಇದು ಅವನದು. ಅವಳು ಅದನ್ನು ಎತ್ತಿಕೊಂಡು ತನ್ನ ಹೆಗಲ ಮೇಲೆ ಹಾಕಿಕೊಂಡಿದ್ದಳು.

“ಅಲ್ಲ” ಎಂದ ಅವನು.

ಎರಡು ಗುಂಡನ್ನೂ ಒಂದಕ್ಕೊಂದು ತಾಗಿಸಿ ಚಾರ್ಜು ಇಳಿಸಿದ. ಚಟ್ ಎಂದು ಕಿಡಿ ಹಾರಿತು. ಬಳೆ ಎತ್ತಿ ಪಕ್ಕಕ್ಕಿಟ್ಟ. ಒಂದು ತಂತಿ ಬಿಚ್ಚಿ ಕಪ್ಪಿಗೆ ಹಾಕಿದ.

“ಎರಡೂ ಪ್ಲಸ್ಸಿಗೇ ಇತ್ತು. ಗಡಿಬಿಡೀಲಿ ಕೈ ತಪ್ಪಿಹೋಯ್ತು. ಈಗ ಸರಿ ಇದೆ. ತಿರುಗಿಸು ಮಗಾ.”

ಮಗಳು ತಿರುಗಿಸಲಿಲ್ಲ. ಟೀಚರೇ ಬಂದು ತಿರುಗಿಸಿದರು. ರವೆ ಸಾಲಾಗಿ, ನಡುವಿನಲ್ಲಿ ನೆಟ್ಟಗೆ, ಒತ್ತಾಗಿ ನಿಂತಿತು. ಅವನು ಹೇಳಿದ, ಹಿಂದಿನ ಸಂಜೆ ಸ್ಟೂಲಿನ ಮೇಲೆ ಕೂತು ಯೋಚಿಸಿದ್ದನ್ನೇ. ಒಂದು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ, ಎರಡೂ ಒಂದೇ ಕಡೆಗೆ. ಅದಕ್ಕೇ ಕೂಡುತ್ತದೆ, ಕಳೆಯುವುದಿಲ್ಲ. ಟೀಚರ್ ಹಾಕಿದ ಗೀಟು ಸರಿ. ನನ್ನ ಎರಡು ಗನ್ನೂ ಒಂದೇ ಜಾತಿಯವು, ನಾನು ಅದನ್ನು ನೋಡಿಕೊಳ್ಳದೆ ಮಗಳಿಗೆ ತಪ್ಪು ಹೇಳಿದೆ. ದನಿ ತನ್ನದೇ ಅಲ್ಲ ಅನಿಸುತ್ತಿತ್ತು.

“ಹಾಗಾದ್ರೆ ಪುಸ್ತಕದ್ದೇ ಸರಿ” ಎಂದು ಸ್ಟೂಲಿನ ಮೇಲಿಂದ ಯಾರೋ ಎಂದರು. ನಗೆ ಎದ್ದಿತು. ಅವನು ಅದಕ್ಕೆ ಸಿದ್ಧನಿದ್ದ. ಸಿದ್ಧನಿಲ್ಲದಿದ್ದದ್ದು ಮುಂದಿನ ಮಾತಿಗೆ.

“ಮತ್ತೆ ನೀನು ತಂತಿ ನೋಡಿಯೇ ಇದು ಪ್ಲಸ್ಸು, ಅದು ಮೈನಸ್ಸು ಅಂದೆಯಲ್ಲೇ?” ಕನ್ನಡಕದ ಹುಡುಗಿ ಮಗಳನ್ನು ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ದು.

ಮಗಳು ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು. ಎಲ್ಲರೂ ಅವಳನ್ನು ನೋಡಿದರು. ಗಂಟೆ ಹೊಡೆಯಿತು.

ಹೊರಗೆ ಬೀದಿಯಲ್ಲಿ ಅವಳು ಮುಂದೆ ಮುಂದೆ ನಡೆದಳು. ಅವನು ಹೆಜ್ಜೆ ಹಾಕಿದಷ್ಟೂ ಅವಳು ಬೇಗ. ಸೈಕಲ್ ರಿಪೇರಿ ಅಂಗಡಿಯ ಮುಂದೆ, ದಾರಿಗೆ ಅಡ್ಡ ನಿಂತ ಲಾರಿಯಿಂದಾಗಿ ನಿಲ್ಲಬೇಕಾಯಿತು.

“ಮಗಾ, ನಾನು ಎಲ್ಲರ ಮುಂದೆ ಒಪ್ಕೊಂಡೆನಲ್ಲ” ಎಂದ.

“ಒಪ್ಕೊಂಡೆ. ನಿನಗೆ ಗಡಿಬಿಡಿ, ಕೈ ತಪ್ಪಿತು. ನನಗೇನು?” ಅವಳು ಲಾರಿಯ ಚಕ್ರ ನೋಡುತ್ತಾ ಹೇಳಿದಳು. “ನಾನು ಕಣ್ಣಾರೆ ನೋಡಿ ಸುಳ್ಳು ಹೇಳ್ದೆ. ನೀನು ತಪ್ಪು ಮಾಡ್ದೋನು ಅಷ್ಟೆ. ಸುಳ್ಳಿ ಆಗಿದ್ದು ನಾನು. ಸೋಮವಾರದಿಂದ ನನ್ನ ಹೆಸರು ಅದೇ ನೋಡ್ತಿರು.”

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ‘ಅಲ್ಲ’ ಎಂದು ಹೇಳಿದ ಗಳಿಗೆಯಲ್ಲಿ ತಾನೇನೋ ದೊಡ್ಡದು ಮಾಡುತ್ತಿದ್ದೇನೆ ಅನಿಸಿತ್ತು. ಆ ದೊಡ್ಡತನದೊಳಗೇ ಇನ್ನೊಂದು ಸುಳ್ಳು ಕಟ್ಟಿ, ತಾನು ಅದರ ಹಿಂದೆ ನಿಂತು, ಮಗಳನ್ನು ಬಯಲಿಗೆ ಬಿಟ್ಟಿದ್ದ.

“ಗಡಿಬಿಡಿ ಅಲ್ಲ” ಎಂದ.

ಅವಳು ತಿರುಗಿದಳು.

“ಕೈ ತಪ್ಪಲಿಲ್ಲ. ಬೇಕು ಅಂತಲೇ ಹಾಕಿದ್ದು. ನಿನ್ನೆ ಸಂಜೆ ಮಾಡಿ ನೋಡಿದೆ. ಆಗಲೇ ಗೊತ್ತಾಗಿತ್ತು.”

ಲಾರಿ ಹೋಯಿತು. ದಾರಿ ಬಿಟ್ಟಿತು. ಇಬ್ಬರೂ ಹೋಗಲಿಲ್ಲ.

“ನಾನು ಅಂಗಿಗೆ ಇಸ್ತ್ರಿ ಹಾಕ್ತಿದ್ದಾಗ?”

“ಹೂಂ.”

“ನಾನು ಪಕ್ಕದಲ್ಲೇ ಇರ್ತೀನಿ ಅಂದಾಗ?”

“ಗೊತ್ತಿತ್ತು.”

ಸಿಟ್ಟು ಬಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಅವನನ್ನು ಪರಿಚಯವಿಲ್ಲದವರನ್ನು ನೋಡುವ ಹಾಗೆ, ಸ್ವಲ್ಪ ಮರ್ಯಾದೆಯಿಂದಲೇ ನೋಡಿದಳು. ಅವನು ಬಂದ ದಾರಿಗೇ ತಿರುಗಿದ.

“ಎಲ್ಲಿಗೆ?”

“ಬರ್ತೀನಿ ಇರು.”

ಲ್ಯಾಬಿನಲ್ಲಿ ಟೀಚರ್ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬುತ್ತಿದ್ದರು. ಕನ್ನಡಕದ ಹುಡುಗಿ ಮತ್ತು ಅವಳ ಗೆಳತಿಯರು ಮೇಜು ಒರೆಸುತ್ತಿದ್ದರು. ಅವನನ್ನು ಕಂಡು ಎಲ್ಲರ ಕೈಯೂ ನಿಂತಿತು. ತಟ್ಟೆ ಮರೆತು ಹೋಗಿದ್ದಾನೆ ಎಂದುಕೊಂಡು ಒಬ್ಬಳು ತಟ್ಟೆ ಚಾಚಿದಳು.

“ತಟ್ಟೆಗೆ ಬಂದಿದ್ದಲ್ಲ” ಎಂದ. ತಟ್ಟೆ ಕೈಗೆ ತೆಗೆದುಕೊಂಡು ಬಾಗಿಲಲ್ಲೇ ನಿಂತು ಹೇಳಿದ. “ನನ್ನ ಕೈ ತಪ್ಪಿದ್ದಲ್ಲ ಟೀಚರ್. ನನಗೆ ನಿನ್ನೆಯೇ ತಿಳಿದಿತ್ತು. ಮಗಳ ಮುಂದೆ ಸಣ್ಣವನಾಗೋಕೆ ಆಗದೆ ಹಾಗೆ ಸಿಕ್ಕಿಸಿದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ತಂತಿ ನೋಡಿದ ಮೇಲೆ ಅವಳು ಹೇಳಿದ್ದು ನನ್ನ ಮಾನ ಕಾಯೋಕೆ. ಅದನ್ನ ಅವಳ ಲೆಕ್ಕಕ್ಕೆ ಹಿಡೀಬೇಡಿ. ನೀವೂ ಕಣಮ್ಮ, ನೀವೆಲ್ಲರೂ.”

ಕೊನೆಯ ಮಾತು ಹುಡುಗಿಯರಿಗೆ. ಅವರು ನಗಲಿಲ್ಲ. ಕನ್ನಡಕದ ಹುಡುಗಿ ಒದ್ದೆ ಬಟ್ಟೆಯನ್ನು ಹಿಂಡುತ್ತಾ ನೆಲ ನೋಡಿದಳು. ದೊಡ್ಡವರೊಬ್ಬರು ತಮ್ಮ ಮುಂದೆ ಹೀಗೆ ನಿಲ್ಲಬಾರದಿತ್ತು ಎನ್ನುವ ಹಾಗಿತ್ತು ಅವಳ ಮುಖ.

“ಬಳೆ ನೋಡಿದಾಗಲೇ ತಿಳೀತು” ಎಂದರು ಟೀಚರ್. “ಗಡಿಬಿಡೀಲಿ ಯಾರೂ ಬಳೆ ಮಾಡಿಕೊಂಡು ಬರಲ್ಲ.” ಬಾಟಲಿಗೆ ಬಿರಡೆ ಹಾಕಿದರು. “ಮಾರ್ಕು ಕೊಡೋಕೆ ಬರಲ್ಲ, ಗೊತ್ತಲ್ಲ?”

“ಮಾರ್ಕು ಬೇಡ.”

“ಆ ಗೆರೆ ಮಾತ್ರ ನಿಜ ತಾನೇ? ನೆಲದ ಮೇಲೆ ಬೀಳೋದು?”

“ಅದು ನಿಜ.”

“ಅದು ಯಾಕೆ ಅಲ್ಲೇ ಬೀಳುತ್ತೆ ಅಂತ ಸೋಮವಾರ ಅವಳೇ ಬೋರ್ಡಿನ ಮೇಲೆ ಬಿಡಿಸಿ ಹೇಳಲಿ. ಎರಡು ಮೈನಸ್ ಇಟ್ಕೊಂಡು. ಹೇಳ್ತಾಳಾ?”

“ನನಗೆ ಗೊತ್ತಿಲ್ಲ” ಎಂದ. ಆ ಮಾತು ಇಷ್ಟು ಸಲೀಸಾಗಿ ಬಂದದ್ದು ಅವನಿಗೇ ಕೇಳಿಸಿತು. ಅಡುಗೆಮನೆಯ ಮೇಜಿನ ಮುಂದೆಯೇ ಅದು ಬರಬೇಕಿತ್ತು.

ತಿರುಗಿದಾಗ ಮಗಳು ಕಾರಿಡಾರಿನಲ್ಲಿ, ಬಾಗಿಲಿನಿಂದ ಸ್ವಲ್ಪ ಈಚೆಗೆ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ಅವನು ಕೇಳಲಿಲ್ಲ. ತಟ್ಟೆಯನ್ನು ಅವನ ಕೈಯಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಅದು ಎಣ್ಣೆ ಎಣ್ಣೆಯಾಗಿತ್ತು, ಅವಳ ಪುಸ್ತಕಕ್ಕೆ ಹತ್ತುತ್ತದೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಬಸ್ಸಿನಲ್ಲಿ ಇಬ್ಬರು ಕೂರುವ ಒಂದು ಸೀಟು ಸಿಕ್ಕಿತು. ಅವಳು ಕಿಟಕಿಯ ಕಡೆ ಕೂತು ಚೀಲವನ್ನು ಇಬ್ಬರ ನಡುವೆ ಇಟ್ಟಳು. ಪಾರ್ಕಿನ ಮುಂದೆ ಬಸ್ಸು ನಿಂತಾಗ, ಬೇಲಿಯ ಆಚೆ ಹಳೆಯ ಬೆಂಚುಗಳನ್ನು ಕಿತ್ತು ರಾಶಿ ಹಾಕಿದ್ದು ಕಾಣಿಸಿತು. ಹೊಸವು ಇನ್ನೂ ಬಂದಿರಲಿಲ್ಲ.

“ಕಿವೀಲಿ ಹಸಿರಿದೆ” ಎಂದಳು, ಹೊರಗೇ ನೋಡುತ್ತಾ.

“ಇರಲಿ ಬಿಡು. ನೀನೇ ಅಂದೆಯಲ್ಲ.”

“ಒರೆಸ್ಕೋ.”

ಚೀಲದ ಮೇಲಿಂದ ಕರವಸ್ತ್ರ ಚಾಚಿದಳು. ಅವನು ತೆಗೆದುಕೊಂಡ. ಎಲ್ಲಿದೆಯೋ ಕಾಣುತ್ತಿರಲಿಲ್ಲ, ಮಡಿಕೆಯೊಳಗೆ ಬೆರಳು ತೂರಿಸಿ, ನೋಯುವಷ್ಟು ಉಜ್ಜಿದ. ಬಟ್ಟೆಯ ಮೇಲೆ ಹಸಿರು ಬಂತು. ಅದನ್ನು ಒಳಗೆ ಮಡಿಸಿ, ಸ್ವಚ್ಛವಾದ ಕಡೆಯಿಂದ ಮತ್ತೆ ಉಜ್ಜಿದ.

“ಹೋಯ್ತಾ?” ಎಂದ.

ಅವಳು ಈಗ ತಿರುಗಿ ನೋಡಿದಳು. ಮುಖವನ್ನಲ್ಲ, ಕಿವಿಯನ್ನು.

“ಇನ್ನೊಂದು ಕಿವಿ” ಎಂದಳು.